'ಗುಡ್ಡದ ಭೂತ' ಅಂದ್ರೆ ಬರೀ ಒಂದು ಹಾಡಲ್ಲ

ಮೊನ್ನೆ ದೀಪಾವಳಿಗೆ ಊರಿಗೆ, ಅಂದ್ರೆ ತುಬಚಿಗೆ ಹೋಗಿದ್ದೆ. ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪಿನಲ್ಲಿ ಒಂದು ಹಾರರ್ ಸಿನಿಮಾ ಹಚ್ಚಿದ್ದೆ. ಐದು ನಿಮಿಷಕ್ಕೊಮ್ಮೆ ದೆವ್ವ ಧುತ್ತಂತ ಬರೋದು, ಕಿವಿ ಹರಿಯೋ ಸದ್ದು... ಪಕ್ಕದಲ್ಲಿ ಕೂತಿದ್ದ ಕಾಕಾ ಆಕಳಿಸಿದ. "ಇದಕ್ಕೇನ ಅಂಜೂದೋ ತಮ್ಮಾ. ಗುಡ್ಡದ ಭೂತ ನೋಡಬೇಕಿತ್ತ. ನೀ ಹುಟ್ಟೂಕಿಂತ ಮೊದಲ ಬರ್ತಿತ್ತ" ಅಂದ.

ನನಗೆ ಆ ಹೆಸರು ಗೊತ್ತಿದ್ದದ್ದು 2015ರ 'ರಂಗಿತರಂಗ'ದಿಂದ. ಅದರ ಟೈಟಲ್ ಹಾಡಿನ ಧಾಟಿಯನ್ನೇ ಆ ಸಿನಿಮಾದಲ್ಲಿ ಮತ್ತೆ ಬಳಸಿದ್ರಲ್ಲ, ಅಷ್ಟೇ. ಹಾಡು ಬಿಟ್ಟರೆ ಜನ ನೆನೆಸೋದು, ಪ್ರಕಾಶ್ ರೈ ದೊಡ್ಡ ನಟ ಆಗೋಕೆ ಮುಂಚೆ ಅದರಲ್ಲಿ ಇದ್ರು ಅಂತ. ಧಾರಾವಾಹಿಯನ್ನೇ ನೋಡಿದವರು ನನ್ನ ವಯಸ್ಸಿನಲ್ಲಿ ಎಷ್ಟು ಮಂದಿ?

1990ರ ಆಸುಪಾಸಿನಲ್ಲಿ ದೂರದರ್ಶನಕ್ಕೆ ಅದನ್ನು ಮಾಡಿದವರು ಸದಾನಂದ ಸುವರ್ಣ. 'ಘಟಶ್ರಾದ್ಧ'ದ (1977) ನಿರ್ಮಾಪಕರು ಅವರೇ. ಕಥೆ ಕರಾವಳಿಯದು. ಅಲ್ಲಿ ಭೂತ ಅಂದ್ರೆ ಕೋಲ ಕಟ್ಟಿ ಕೈಮುಗಿಯೋ ದೈವವೂ ಹೌದು. ನಮ್ಮ ಜಮಖಂಡಿ ಕಡೆ ಭೂತ ಅಂದ್ರೆ ದೆವ್ವ, ಮುಗೀತು. ಓಣಿಗೊಂದೇ ಟಿವಿ, ಮಾಳಿಗೆ ಮೇಲೆ ಆಂಟೆನಾ ತಿರುಗಿಸೋಕೆ ಒಬ್ಬ ಹುಡುಗ. "ಆ ಕಡಿ ಮಂದಿ ಮಾತ ಅರ್ಧ ತಿಳೀತಿರಲಿಲ್ಲ. ಆದ್ರೂ ಮುಗದ ಮ್ಯಾಲ ಒಬ್ಬರ ಮನಿಗಿ ಹೋಗತಿರಲಿಲ್ಲ" ಅಂತಾನೆ ಕಾಕಾ.

ಭಾಷೆ ಅರ್ಧ, ನಂಬಿಕೆಯೇ ಬೇರೆ. ಆದರೂ ಹೆದರಿಕೆ ಪೂರ್ತಿ ತಲುಪಿದ್ದು ಹೇಗೆ? ನನಗನಿಸೋದು, ತೋರಿಸದೇ ಇದ್ದದ್ದರಿಂದ. ಟಿವಿಯ ಸಣ್ಣ ಬಜೆಟ್ಟಿನಲ್ಲಿ ಮುಚ್ಚಿಟ್ಟು ಕಾಯಿಸೋದೇ ದಾರಿ. ಸ್ಪೀಲ್‌ಬರ್ಗ್ 1971ರಲ್ಲಿ ಅಮೆರಿಕದ ಟಿವಿಗೆ ಮಾಡಿದ 'ಡ್ಯುಯೆಲ್' ನೋಡಿ. ಕಾರಿನ ಬೆನ್ನು ಹತ್ತಿದ ಲಾರಿ ಡ್ರೈವರಿನ ಮುಖ ಕೊನೆಗೂ ಕಾಣಲ್ಲ. ಆ ಚಿತ್ರವನ್ನು ಆಮೇಲೆ ಉದ್ದ ಮಾಡಿ ಥಿಯೇಟರಿಗೂ ತಂದ್ರು. ನಮ್ಮದು ಒಂದು ಹಾಡಾಗಿ ಉಳೀತು :(

ಬೆಂಗಳೂರಿಗೆ ವಾಪಸ್ ಬಂದು ಯೂಟ್ಯೂಬಿನಲ್ಲಿ ಹುಡುಕಿ ನೋಡಿದೆ. ಚಿತ್ರ ಮಸುಕು, ದನಿ ಒಡಕು. ಶುರುವಿನಲ್ಲಿ ನಿಧಾನ ಅನಿಸಿತು, ನಿಜ. ಫಾರ್ವರ್ಡ್ ಮಾಡೋಕೆ ಕೈ ಹೋಗಿತ್ತು. ಆಮೇಲೆ ಗೊತ್ತಾಯ್ತು, ಆ ನಿಧಾನವೇ ಹೆದರಿಸೋದು. ಗುಟ್ಟು ಇಲ್ಲಿ ಹೇಳೋಲ್ಲ, ನೀವೇ ನೋಡಿ.

ಸುವರ್ಣರು 2024ರಲ್ಲಿ ತೀರಿಕೊಂಡರು. ಅವತ್ತು ವಾಟ್ಸಾಪಿನಲ್ಲಿ ನನಗೆ ಬಂದದ್ದೂ ಆ ಹಾಡೇ. 2020ರ ಲಾಕ್‌ಡೌನಿನಲ್ಲಿ ದೂರದರ್ಶನ ರಾಮಾಯಣ, ಮಹಾಭಾರತಗಳನ್ನು ಮತ್ತೆ ಹಾಕಿತ್ತಲ್ಲ. ಹಾಗೇ ಇದನ್ನೂ ಸ್ವಚ್ಛ ಮಾಡಿ ಚಂದನದಲ್ಲಿ ಹಾಕಲಿ. ಆದರೆ ಒಂದು ಷರತ್ತು, ವಾರಕ್ಕೊಂದೇ ಕಂತು. ಅಂದು ಹೆದರಿದ ಹುಡುಗರು ಇನ್ನೂ ಇದ್ದಾರೆ. ತಮ್ಮ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಲಿ.

ನಾನು ಎರಡೇ ರಾತ್ರಿಯಲ್ಲಿ ಮುಗಿಸಿ ಕಾಕಾನಿಗೆ ಫೋನ್ ಮಾಡಿದೆ. "ಎಲ್ಲಾ ಒಮ್ಮೆಲೇ ನೋಡಿದ್ಯಾ? ಹಂಗಾದ್ರ ನೀ ನೋಡೇ ಇಲ್ಲ ಬಿಡು" ಅಂದ.

ಖರೇ ಅನಿಸ್ತು. ನಿಮ್ಮಲ್ಲಿ ಯಾರಾದ್ರೂ ವಾರಗಟ್ಟಲೆ ಕಾದು ನೋಡಿದವರಿದ್ದೀರಾ?