ಕುಸಿದ ಅಂಗಾಲು, ಉಳುಕಿದ ಹರಡು

ಹದಿನಾರಿನ ಸುತ್ತಣ ಭಕ್ತರಿಗೆ ಕಾಲ್ನಡಿಗೆ ಹೊಸದಲ್ಲ. ಮಲೆಯ ಮಹದೇಶ್ವರನ ಬೆಟ್ಟಕ್ಕೆ ಬರಿಗಾಲಿನಲ್ಲಿ ನಡೆದುಹೋಗುವ ಹರಕೆ ನಮ್ಮ ಸೀಮೆಯಲ್ಲಿ ಇಂದಿಗೂ ಉಳಿದಿದೆ. ಗುರುಜಂಗಮರ ಪಾದಗಳನ್ನು ಪೂಜಿಸುವ ನಾವು ನಮ್ಮದೇ ಪಾದಗಳ ಅಳಲಿಗೆ ಕಿವಿಗೊಡುವುದಿಲ್ಲವೆಂಬುದು ಮಾತ್ರ ವಿಚಿತ್ರ.

ಗದ್ದೆಯ ಬದುವಿನಲ್ಲಿ ಜಾರಿ ಪಾದವು ಒಳಮುಖವಾಗಿ ಹೊರಳಿತೆನ್ನಿ. ಆಗ ಎಲುಬಿಗೆ ಎಲುಬನ್ನು ಬಿಗಿದಿರುವ ಹೊರಬದಿಯ ಮೂರು ಕಟ್ಟುಗಳಲ್ಲಿ ಮುಂದಿನದು ಸಾಮಾನ್ಯವಾಗಿ ಮೊದಲು ಹರಿಯುತ್ತದೆ. ವೈದ್ಯರು ಲಿಗಮೆಂಟ್ ಎನ್ನುವುದು ಈ ಕಟ್ಟನ್ನೇ. ಉಳುಕೆಂದು ಎಣ್ಣೆ ಹಚ್ಚಿ ಬಲವಾಗಿ ನೀವಿಸುವ ವಾಡಿಕೆ ನಮ್ಮಲ್ಲುಂಟು. ಮೊದಲ ಎರಡು ಮೂರು ದಿನ ಅದು ತರವಲ್ಲ. ಎಲುಬು ಮುರಿದಿದ್ದರಂತೂ ಅನಾಹುತವೇ ಸರಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಹದವಾದ ಪಟ್ಟಿ, ದಿಂಬಿನ ಮೇಲಿಟ್ಟ ಕಾಲು, ಇಷ್ಟು ಮೊದಲಿಗೆ ಸಾಕು. ಕೆನಡಾದ ಆಟವಾ ನಗರದ ವೈದ್ಯರು 1992ರಲ್ಲಿ ಪ್ರಕಟಿಸಿದ ಸರಳ ನಿಯಮವೊಂದಿದೆ: ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಹರಡಿನ ಗಂಟಿನ ಹಿಂಬದಿಯ ಎಲುಬನ್ನು ಒತ್ತಿದಾಗ ನೋವಾದರೆ, ಎಕ್ಸ್‌ರೇ ಆಗಲೇಬೇಕು. ಊತ ಇಳಿದ ಬಳಿಕ ಗೋಡೆಯ ಆಸರೆಯಲ್ಲಿ ಒಂಟಿಕಾಲಿನ ಮೇಲೆ ನಿಲ್ಲುವ ಅಭ್ಯಾಸ ಮಾಡಿದವರಿಗೆ ಮತ್ತೆ ಮತ್ತೆ ಉಳುಕುವ ಬಾಧೆ ಕಡಿಮೆ.

ಚಪ್ಪಟೆ ಪಾದದ ಬಗೆ ಬೇರೆ. ಎಳೆಯ ಮಕ್ಕಳ ಅಂಗಾಲು ಸಮತಟ್ಟಾಗಿರುವುದು ಸಹಜ. ಹುಟ್ಟಿನಿಂದ ಹಾಗಿದ್ದು ನೋವಿಲ್ಲದ ಹಿರಿಯರೂ ಚಿಂತಿಸಬೇಕಿಲ್ಲ. ನಲವತ್ತು ದಾಟಿದ ಮೇಲೆ, ಅದರಲ್ಲೂ ತೂಕ ಹೆಚ್ಚಿದ ಗೃಹಿಣಿಯರಲ್ಲಿ, ಒಂದೇ ಪಾದದ ಕಮಾನು ಮೆಲ್ಲಗೆ ಕುಸಿಯುವುದು ರೋಗ. ಒಳಹರಡಿನ ಹಿಂದಿನಿಂದ ಇಳಿದು ಕಮಾನನ್ನು ಎತ್ತಿಹಿಡಿಯುವ ಸ್ನಾಯುರಜ್ಜು ಸವೆಯುತ್ತದೆ. ಆಗ ಭಾರವೆಲ್ಲ ಅಂಗಾಲಿನ ಒಳಗಿನ ಸ್ಪ್ರಿಂಗ್ ಲಿಗಮೆಂಟಿನ ಮೇಲೆ ಬಿದ್ದು, ಅದೂ ಸಡಿಲಗೊಳ್ಳುತ್ತದೆ. ಪರೀಕ್ಷೆ ಮನೆಯಲ್ಲೇ ಸಾಧ್ಯ. ಒದ್ದೆ ಕಾಲನ್ನು ಒಣನೆಲದ ಮೇಲಿಟ್ಟು ಎರಡು ಹೆಜ್ಜೆಗುರುತುಗಳನ್ನೂ ಹೋಲಿಸಿ ನೋಡಿರಿ. ಒಂಟಿಕಾಲಿನಲ್ಲಿ ನಿಂತು ಹಿಮ್ಮಡಿ ಎತ್ತಲು ಯತ್ನಿಸಿರಿ. ಎತ್ತಲಾಗದಿದ್ದರೆ, ಒಳಹರಡಿನಲ್ಲಿ ನೋವೂ ಇದ್ದರೆ, ಮೂಳೆವೈದ್ಯರಲ್ಲಿಗೆ ಹೋಗಬೇಕು. ಆರಂಭದಲ್ಲಿ ಕಮಾನಿಗೆ ಆಸರೆ ಕೊಡುವ ಪಾದರಕ್ಷೆ, ವಿಶ್ರಾಂತಿ, ಮೀನಖಂಡವನ್ನು ಹಿಗ್ಗಿಸುವ ವ್ಯಾಯಾಮ ಫಲಿಸುವುದುಂಟು. ಪಾದ ಬಿರುಸುಗಟ್ಟಿದ ಮೇಲೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಮಧುಮೇಹವಿದ್ದವರಿಗೆ ಇನ್ನೊಂದು ಮಾತು. ನೋವೇ ಇಲ್ಲದೆ ಒಂದು ಪಾದ ಊದಿ, ಕೆಂಪೇರಿ, ಬಿಸಿಯಾದರೆ ಅದನ್ನು ಉಳುಕೆಂದು ಬಗೆಯಬಾರದು. ಸ್ಪರ್ಶ ಕಳೆದ ಪಾದದ ಎಲುಬುಗಳು ಒಳಗೇ ಕುಸಿಯುತ್ತಿರಬಹುದು. ಆ ಕಾಲನ್ನು ಊರದೆ ಅಂದೇ ಆಸ್ಪತ್ರೆ ಸೇರಬೇಕು. ಅಂಥವರು ಬರಿಗಾಲಿನ ಹರಕೆಯನ್ನು ಪಾದರಕ್ಷೆ ಧರಿಸಿ ಸಲ್ಲಿಸಿದರೆ ಮಾದೇಶ್ವರನು ಮುನಿಯುವನೆಂದು ನನಗೆ ತೋರುವುದಿಲ್ಲ.