ಮಕ್ಕಳ ತಟ್ಟೆ ಮತ್ತು ಹೆತ್ತವರ ಮಾತು

ಅಮೇರಿಕವೆಂದರೆ ನಮಗೆ ತಲುಪುವುದು ಯುದ್ಧದ ಸುದ್ದಿ, ಇಲ್ಲವೇ ಡಾಲರಿನ ಸುದ್ದಿ. ಆ ದೇಶದ ಒಳಾಡಳಿತದಲ್ಲಿ ನಾವು ಗಮನಿಸಬೇಕಾದ ಒಂದು ಪದ್ಧತಿಯಿದೆ. 1946ರ ಆಡಳಿತ ಪ್ರಕ್ರಿಯಾ ಕಾಯಿದೆಯ ಪ್ರಕಾರ, ಅಲ್ಲಿನ ಕೇಂದ್ರ ಇಲಾಖೆಯೊಂದು ನಿಯಮ ರೂಪಿಸುವ ಮುನ್ನ ಸಾಮಾನ್ಯವಾಗಿ ಅದರ ಕರಡನ್ನು ಸರಕಾರಿ ಗಝೆಟ್‍ನಲ್ಲಿ ಪ್ರಕಟಿಸಿ ಜನರ ಅಭಿಪ್ರಾಯ ಕೇಳಬೇಕು. ಬಂದ ಮುಖ್ಯ ಆಕ್ಷೇಪಗಳಿಗೆ ಅಂತಿಮ ನಿಯಮದ ಜೊತೆಗೇ ಉತ್ತರ ಕೊಡಬೇಕು. ಉತ್ತರಿಸದಿದ್ದರೆ ನ್ಯಾಯಾಲಯ ಆ ನಿಯಮವನ್ನೇ ರದ್ದುಪಡಿಸಬಹುದು. ಪತ್ರ ಬರೆಯುವವನು ವಕೀಲನಾಗಿರಬೇಕೆಂದಿಲ್ಲ. ಶಾಲೆಯ ಅಡುಗೆಯವಳೂ ಬರೆಯಬಹುದು.

ಈ ಪದ್ಧತಿಯ ಬಲ ಮತ್ತು ದೌರ್ಬಲ್ಯಗಳೆರಡೂ ಕಾಣಸಿಗುವುದು ಅಲ್ಲಿನ ಶಾಲಾ ಊಟದ ಇತಿಹಾಸದಲ್ಲಿ. ಸುಮಾರು 3 ಕೋಟಿ ಮಕ್ಕಳು ಉಣ್ಣುವ ಈ ಊಟವನ್ನು ಸುಧಾರಿಸಲು 2010ರ ಡಿಸೆಂಬರ್‌ನಲ್ಲಿ ಕಾಯಿದೆಯೊಂದು ಜಾರಿಗೆ ಬಂತು. ಮರು ತಿಂಗಳಲ್ಲೇ ಕೃಷಿ ಇಲಾಖೆಯು ಕರಡು ನಿಯಮ ಪ್ರಕಟಿಸಿ ಮೂರು ತಿಂಗಳ ಕಾಲಾವಕಾಶ ನೀಡಿತು. 1.30 ಲಕ್ಷಕ್ಕೂ ಅಧಿಕ ಪ್ರತಿಕ್ರಿಯೆಗಳು ಬಂದುವು. ಬೆಳಗಿನ ಉಪಾಹಾರದ ಬದಲಾವಣೆಗಳನ್ನು ಒಮ್ಮೆಲೇ ಹೇರಿದರೆ ವೆಚ್ಚ ಭರಿಸಲು ಸಾಧ್ಯವಿಲ್ಲ ಎಂಬುದು ಶಾಲೆಗಳ ಅಳಲಾಗಿತ್ತು. ಇಲಾಖೆ ಅದನ್ನು ಆಲಿಸಿತು. 2012ರ ಜನವರಿಯಲ್ಲಿ ಹೊರಬಿದ್ದ ಅಂತಿಮ ನಿಯಮವು ಆ ಬದಲಾವಣೆಗಳನ್ನು ಹಂತ ಹಂತವಾಗಿಸಿತು. ಐದು ವರ್ಷಗಳ ಅಂದಾಜು ವೆಚ್ಚ 680 ಕೋಟಿ ಡಾಲರ್‌ನಿಂದ 320 ಕೋಟಿ ಡಾಲರ್‌ಗೆ ಇಳಿಯಿತು.

ಆದರೆ ಆಲೂಗಡ್ಡೆಯ ಕತೆಯೇ ಬೇರೆ. ಆಲೂಗಡ್ಡೆ, ಜೋಳದಂತಹ ಪಿಷ್ಟಭರಿತ ತರಕಾರಿಗಳು ವಾರಕ್ಕೆ ಒಂದು ಕಪ್ ಮೀರಬಾರದು ಎಂದು ಕರಡು ಹೇಳಿತ್ತು. ಆಲೂಗಡ್ಡೆ ಬೆಳೆಯುವ ರಾಜ್ಯಗಳ ಸೆನೆಟರ್‌ಗಳು ಪತ್ರ ಬರೆದು ಉತ್ತರಕ್ಕೆ ಕಾಯುತ್ತಾ ಕೂರಲಿಲ್ಲ. 2011ರ ನವೆಂಬರ್‌ನಲ್ಲಿ ಧನವಿನಿಯೋಗ ಮಸೂದೆಯೊಳಗೆ ವಾಕ್ಯವೊಂದನ್ನು ತುರುಕಿ ಆ ಮಿತಿಯನ್ನೇ ತಡೆದರು. ಪಿಝ್ಝಾದ ಮೇಲೆ ಸವರುವ ಎರಡು ಚಮಚ ಟೊಮೆಟೊ ಪೇಸ್ಟನ್ನು ಅರ್ಧ ಕಪ್ ತರಕಾರಿಯೆಂದು ಲೆಕ್ಕ ಹಾಕುವ ಪರಿಪಾಠವೂ ಅದೇ ಮಸೂದೆಯಿಂದಾಗಿ ಉಳಿದುಕೊಂಡಿತು. ಜನಸಾಮಾನ್ಯರು ಮುಂಬಾಗಿಲಲ್ಲಿ ಅರ್ಜಿ ಹಿಡಿದು ನಿಂತಿರುವಾಗ ಉದ್ಯಮಿಗಳು ಹಿತ್ತಿಲ ಬಾಗಿಲಿನಿಂದ ಅಡುಗೆ ಮನೆಗೇ ನುಗ್ಗಿದ್ದರು.

ಹಾಗಾದರೆ ಈ ಅರ್ಜಿಗಳೆಲ್ಲ ಬರೀ ಕಾಗದವೇ? ಹಾಗೆಂದು ತೀರ್ಮಾನಿಸುವ ಮುನ್ನ 2020ರ ತೀರ್ಪೊಂದನ್ನು ನೋಡಬೇಕು. 2017ರ ನವೆಂಬರ್‌ನಲ್ಲಿ ಟ್ರಂಪ್ ಸರಕಾರದ ಕೃಷಿ ಇಲಾಖೆಯು ಉಪ್ಪಿನ ಪ್ರಮಾಣ ಇಳಿಸುವ ಗುರಿಯನ್ನು ಮುಂದೂಡಿತು. ಇಡಿ ಧಾನ್ಯದ ನಿಯಮದಿಂದ ಶಾಲೆಗಳಿಗೆ ತಾತ್ಕಾಲಿಕ ವಿನಾಯಿತಿ ನೀಡಿ ಜನರ ಅಭಿಪ್ರಾಯ ಕೇಳಿತು. ಮರುವರ್ಷ ಡಿಸೆಂಬರ್‌ನಲ್ಲಿ ಅಂತಿಮ ನಿಯಮ ಬಂದಾಗ ಮುಂದೂಡಿಕೆ ಹೋಗಿ ರದ್ದತಿಯಾಗಿತ್ತು. ಉಪ್ಪಿನ ಅಂತಿಮ ಗುರಿಯನ್ನೇ ಕೈಬಿಡಲಾಯಿತು. ಎಲ್ಲ ಧಾನ್ಯವೂ ಹೆಚ್ಚಿನಂಶ ಇಡಿ ಧಾನ್ಯವಾಗಿರಬೇಕು ಎಂಬಲ್ಲಿ ಅರ್ಧದಷ್ಟು ಸಾಕೆನ್ನಲಾಯಿತು. 2020ರ ಎಪ್ರಿಲ್‌ನಲ್ಲಿ ಮೇರಿಲ್ಯಾಂಡ್‌ನ ಫೆಡರಲ್ ನ್ಯಾಯಾಲಯವು ಈ ನಿಯಮವನ್ನು ರದ್ದುಪಡಿಸಿತು. ನಿಯಮ ಬದಲಿಸುವ ಅಧಿಕಾರ ಇಲಾಖೆಗಿಲ್ಲ ಎಂದು ಅದು ಹೇಳಲಿಲ್ಲ. ಜನರ ಮುಂದಿಟ್ಟದ್ದು ಮುಂದೂಡಿಕೆಯ ಪ್ರಸ್ತಾಪ, ಜಾರಿಗೆ ತಂದದ್ದು ರದ್ದತಿ. ಒಂದನ್ನು ತೋರಿಸಿ ಇನ್ನೊಂದನ್ನು ಮಾಡುವಂತಿಲ್ಲ ಎಂಬುದು ತೀರ್ಪಿನ ತಿರುಳು.

ಈ ಪದ್ಧತಿಗೆ ಅಲ್ಲಿಯೂ ಸುರಕ್ಷಿತ ಭವಿಷ್ಯವೇನಿಲ್ಲ. ಬರುವ ಪ್ರತಿಕ್ರಿಯೆಗಳಲ್ಲಿ ಬಹುಪಾಲು ಸಂಘಟನೆಗಳು ಸಿದ್ಧಪಡಿಸಿಕೊಟ್ಟ ಒಂದೇ ಅಚ್ಚಿನ ಪತ್ರಗಳಾಗಿರುತ್ತವೆ. 2025ರ ಎಪ್ರಿಲ್‌ನಲ್ಲಂತೂ, ಕಾನೂನುಬಾಹಿರವೆಂದು ಕಂಡ ನಿಯಮಗಳನ್ನು ಜನಾಭಿಪ್ರಾಯ ಕೇಳದೆಯೇ ತೆಗೆದು ಹಾಕಲು ದಾರಿ ಹುಡುಕುವಂತೆ ಅಧ್ಯಕ್ಷರೇ ಇಲಾಖೆಗಳಿಗೆ ಸೂಚಿಸಿದರು.

ಇನ್ನು ನಮ್ಮ ವಿಷಯ. ಕರಡು ಮಸೂದೆ ಮತ್ತು ನಿಯಮಗಳನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕೆಂಬ ಕೇಂದ್ರ ಸರಕಾರದ ನೀತಿ 2014ರಿಂದಲೇ ಇದೆ. ಅದು ಕಾಯಿದೆಯಲ್ಲ, ನೀತಿ ಮಾತ್ರ. ಪಾಲಿಸದಿದ್ದರೆ ಕೇಳುವವರಿಲ್ಲ. 2019ರ ಮೇ 31ರಂದು ಹೊರಬಂದ ರಾಷ್ಟ್ರೀಯ ಶಿಕ್ಷಣ ನೀತಿಯ ಕರಡು ಇಂಗ್ಲಿಷ್‌ನಲ್ಲಿ 484 ಪುಟಗಳಷ್ಟಿತ್ತು. ಅದರಲ್ಲಿದ್ದ ಹಿಂದಿ ಕಲಿಕೆಯ ವಾಕ್ಯಕ್ಕೆ ತಮಿಳುನಾಡು ಮತ್ತು ಕರ್ನಾಟಕದಲ್ಲಿ ಪ್ರತಿಭಟನೆ ಎದ್ದಾಗ ಕೆಲವೇ ದಿನಗಳಲ್ಲಿ ಅದನ್ನು ತಿದ್ದಲಾಯಿತು. ಉಳಿದ ನೂರಾರು ಪುಟಗಳನ್ನು ಭಟ್ಕಳದ, ಗುಲ್ಬರ್ಗದ ಎಷ್ಟು ಮಂದಿ ಹೆತ್ತವರು ಓದಿದರು? ಓದಲು ಅದು ಅವರ ಭಾಷೆಯಲ್ಲಿ ಅವರ ಕೈಗೆ ಬಂದಿತ್ತೇ? ಪರಿಸರ ಪರಿಣಾಮ ಅಂದಾಜಿನ ಕರಡನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೆ ಅನುವಾದಿಸಬೇಕೆಂದು 2020ರಲ್ಲಿ ದೆಹಲಿ ಹೈಕೋರ್ಟ್ ಆದೇಶಿಸಿದಾಗ ಕೇಂದ್ರವು ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತ್ತು.

ಶಾಲೆಗೆ ಸಂಬಂಧಿಸಿದ ಯಾವ ಕರಡೇ ಇರಲಿ, ಪ್ರಕಟವಾದ ದಿನವೇ ಅದು ಕನ್ನಡದಲ್ಲಿ ಪ್ರತಿ ಶಾಲೆಯ ಸೂಚನಾ ಫಲಕಕ್ಕೆ ಬರಬೇಕು. 30 ದಿನಗಳ ಲೆಕ್ಕ ಶುರುವಾಗಬೇಕಾದದ್ದು ಅಂದಿನಿಂದ. ಎಸ್‌ಡಿಎಂಸಿ ಸಭೆಗಳಲ್ಲಿ ಅದು ಚರ್ಚೆಯಾಗಿ ನಡಾವಳಿ ಇಲಾಖೆಗೆ ತಲುಪಬೇಕು. ಯಾವ ಆಕ್ಷೇಪವನ್ನು ಒಪ್ಪಲಾಯಿತು, ಯಾವುದನ್ನು ಯಾಕೆ ತಳ್ಳಿಹಾಕಲಾಯಿತು ಎಂಬ ಉತ್ತರ ಲಿಖಿತವಾಗಿ ಮರಳಿ ಬರಬೇಕು. ಇದಕ್ಕೆ ನೀತಿ ಸಾಲದು, ಕಾಯಿದೆಯೇ ಬೇಕು.