ಕೈಗೂ ಒಂದು ಗಡುವಿದೆ

ವೈದ್ಯಕೀಯ ಶಿಕ್ಷಣ ಸಚಿವ ಡಾ. ಶರಣಪ್ರಕಾಶ ಪಾಟೀಲ ಅವರಿಗೆ,



ಕಬ್ಬು ನುರಿಸುವ ಹಂಗಾಮು ಬಂತೆಂದರೆ ನಮ್ಮೂರು ಭೂಸನೂರಿನ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ರಾತ್ರಿಯೆಲ್ಲ ಟ್ರ್ಯಾಕ್ಟರ್ ಸಾಲು. ಅಂಥದೊಂದು ರಾತ್ರಿ, ದೀಪವಿಲ್ಲದೆ ನಿಂತಿದ್ದ ಟ್ರೇಲರಿಗೆ ನನ್ನ ತಮ್ಮನ ಬೈಕು ಬಡಿಯಿತು. ಜೀವ ಉಳಿಯಿತು, ಎಲುಬೂ ಕೂಡಿತು. ಬಲಗೈ ಮಾತ್ರ ಹೆಗಲಿಂದ ಜೋತುಬಿತ್ತು. "ನರಕ್ಕ ಪೆಟ್ಟಾಗ್ಯಾದ, ತಾನೇ ಬರ್ತದ, ಒಂದು ವರ್ಷ ತಡೀರಿ" ಅಂದರು ದವಾಖಾನೆಯಲ್ಲಿ. ನಂಬಿದೆವು. ಎಣ್ಣೆ ತಿಕ್ಕಿದೆವು, ಹರಕೆ ಹೊತ್ತೆವು. ಹದಿನಾಲ್ಕು ತಿಂಗಳ ಮೇಲೆ ದೂರದ ಊರಿನ ತಜ್ಞರ ಮುಂದೆ ಕೂತಾಗ ಅವರು ಮೊದಲು ಕೇಳಿದ್ದೇ ಅಪಘಾತದ ತಾರೀಖು. ಹೇಳಿದೆವು. ಅವರು ಪೆನ್ನು ಕೆಳಗಿಟ್ಟರು.

ನೀವು ವೈದ್ಯರು, ನಿಮಗೆ ಇದೆಲ್ಲ ಗೊತ್ತು. ಓದುವ ನಮ್ಮ ಜನಕ್ಕೂ ತಿಳಿಯಲಿ ಎಂದು ಬರೆಯುತ್ತೇನೆ. ತುಂಡಾದ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಕುತ್ತಿಗೆಯಿಂದ ಬೆರಳಿಗೆ 70 ಸೆಂಟಿಮೀಟರ್ ಎಂದುಕೊಂಡರೂ ಹತ್ತಿರಹತ್ತಿರ ಎರಡು ವರ್ಷ. ಆದರೆ ನರದ ಆಸರೆ ತಪ್ಪಿದ ಸ್ನಾಯು ಒಂದು, ಒಂದೂವರೆ ವರ್ಷದಲ್ಲಿ ಸೊರಗಿಹೋಗುತ್ತದೆ. ಆಮೇಲೆ ನರ ಬಂದು ತಲುಪಿದರೂ ಸ್ನಾಯು ಏಳುವುದಿಲ್ಲ. ಹಾಗಾಗಿ ನರ ತಾನಾಗಿ ಬರುವ ಲಕ್ಷಣ ಕಾಣದಿದ್ದರೆ ಮೂರರಿಂದ ಆರು ತಿಂಗಳೊಳಗೆ ಆಪರೇಷನ್ ಆಗಬೇಕು. ಕಾಲಿನ ನರದ ತುಣುಕು ತಂದು ಬೆಸೆಯುವುದು ಒಂದು ದಾರಿ. ಇನ್ನೊಂದು, ನಮ್ಮ ಕಡೆಯ ಅಮರ್ಜಾ ಕಾಲುವೆ ಬಲ್ಲ ರೈತನಿಗೆ ಬೇಗ ತಿಳಿಯುವಂಥದು: ಕಾಲುವೆ ಮೇಲೆಲ್ಲೋ ಒಡೆದಾಗ ಬೆಳೆ ಒಣಗುವ ಮೊದಲು ಪಕ್ಕದ ಹೊಲದ ಹರಿಯಿಂದ ನೀರು ತಿರುಗಿಸಿಕೊಂಡಂತೆ, ಸುಸ್ಥಿತಿಯಲ್ಲಿರುವ ನರದ ಒಂದು ಎಳೆಯನ್ನು ಸ್ನಾಯುವಿನ ಹತ್ತಿರವೇ ಜೋಡಿಸುವುದು. ಮೊಣಕೈ ಮಡಚಲು ಬೆರಳಿನ ಕಡೆ ಹೋಗುವ ನರದಿಂದ ಎಳೆ ತೆಗೆಯುವ ಉಪಾಯವನ್ನು ಫ್ರಾನ್ಸಿನ ಡಾ. ಒಬರ್ಲಿನ್ 1994ರಲ್ಲೇ ಪ್ರಕಟಿಸಿದ್ದರು.

ತಡವಾದವರಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಕುಷ್ಠದಿಂದ ಮುರುಟಿದ ಬೆರಳುಗಳನ್ನು ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಯಿಂದಲೇ ಸ್ನಾಯುರಜ್ಜುವಿನ ಜಾಗ ಬದಲಿಸಿ ಬಿಡಿಸುತ್ತಿದ್ದರು. ರಟ್ಟೆಯ ಎಲುಬು ಮುರಿದು ಮಣಿಕಟ್ಟು ಎತ್ತಲಾಗದವರಿಗೂ ಅದೇ ಬಗೆಯ ಆಪರೇಷನ್ ಆಗುತ್ತದೆ. ನನ್ನ ತಮ್ಮನಿಗೆ ತೊಡೆಯ ಸ್ನಾಯುವನ್ನೇ ತಂದು ತೋಳಿಗೆ ಕೂಡಿಸಿದರು. ಈಗ ಮೊಣಕೈ ಮಡಚುತ್ತಾನೆ. ಬೆರಳು ಮಾತ್ರ ಬರಲಿಲ್ಲ, ತುತ್ತು ಎಡಗೈಯಲ್ಲೇ.

ರಸ್ತೆ ಅಪಘಾತದವರಿಗೆ ಮೊದಲ 48 ಗಂಟೆ ಚಿಕಿತ್ಸೆ ಕೊಡುವ ಹರೀಶ್ ಸಾಂತ್ವನ ಯೋಜನೆ 2016ರಲ್ಲಿ ಬಂತು. ಅದು ಜೀವದ ಗಡುವು. ಕೈಯ ಗಡುವು ಆರು ತಿಂಗಳು, ಅದನ್ನು ಎಣಿಸುವವರೂ ಬೇಕು. ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್‌ನಲ್ಲಿ ವಾರಕ್ಕೊಂದು ದಿನ ಇಂಥ ಕೈಗಳಿಗೆಂದೇ ಮೀಸಲಿಡಿ: ಎಲುಬಿನ ವೈದ್ಯರು, ಪ್ಲಾಸ್ಟಿಕ್ ಸರ್ಜನ್, ನರದ ಕರೆಂಟ್ ಪರೀಕ್ಷೆ ಮಾಡುವವರು, ಫಿಸಿಯೋಥೆರಪಿಸ್ಟ್ ಒಂದೇ ಕೋಣೆಯಲ್ಲಿ ಸಿಗಲಿ. ಆಪರೇಷನ್ ಅಲ್ಲೇ ಆಗದಿದ್ದರೆ ಎಲ್ಲಿಗೆ, ಯಾವತ್ತು ಹೋಗಬೇಕೆಂದು ಅವರೇ ಬರೆದು ಕಳಿಸಲಿ. ಹೋಗಿಬರುವ ಖರ್ಚನ್ನು ಸರ್ಕಾರ ಹೊರಲಿ. ಕೂಲಿ ಬಿಟ್ಟು ಬೆಂಗಳೂರಿಗೆ ಮೂರು ಸಲ ಓಡಾಡುವ ತ್ರಾಣ ನಮ್ಮವರಿಗಿಲ್ಲ.

ಇದೆಲ್ಲಕ್ಕೂ ಮೊದಲು, ಇವತ್ತೇ ಆಗಬಹುದಾದ ಕೆಲಸವೊಂದಿದೆ. ಕೈ ಎತ್ತಲಾಗದೆ ಮನೆಗೆ ಹೋಗುವವರ ಡಿಸ್ಚಾರ್ಜ್ ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಹೀಗೆ ಬರೆಸಿ: "ಮೂರು ವಾರದೊಳಗೆ ನರ ತೋರಿಸಿ. ಮೂರು ತಿಂಗಳಾದರೂ ಕೈ ಎತ್ತಲು ಬಾರದಿದ್ದರೆ ಕಾಯಬೇಡಿ." ನಮ್ಮ ಚೀಟಿಯಲ್ಲಿ ಆ ಸಾಲು ಇರಲಿಲ್ಲ. ಕಬ್ಬಿನ ಗಾಡಿಗಳು ಮತ್ತೆ ರಸ್ತೆಗಿಳಿಯುವ ಮೊದಲು ಬರೆಸಿ, ಸಾಹೇಬರೇ.

ಇಂತಿ,
ಭೂಸನೂರಿನ ಒಬ್ಬ ಅಣ್ಣ